ಬಣ್ಣ ಆಮೇಲೆ, ಮೊದಲು ನಡಿಗೆ

ಚಿ. ಪುಟ್ಟಿಗೆ ಸಾಗರದಿಂದ ಮಾವನ ಆಶೀರ್ವಾದಗಳು. ನಾವೆಲ್ಲ ಕ್ಷೇಮ. ಅಕ್ಕ, ಭಾವ ಚೆನ್ನಾಗಿದ್ದಾರೆ ಅಂದುಕೊಂಡಿದ್ದೇನೆ.

ಗಾಜನೂರು ಹಿನ್ನೀರಿನಲ್ಲಿ ನೀನು ತೆಗೆದ ಫೋಟೋಗಳು ಬಂದವು. ಎಲ್ಲದರ ಕೆಳಗೂ "ಮಾವ, ಇದ್ಯಾವ್ದು?" ಅಂತ ಕೇಳಿದ್ದೀಯ. ಒಂದೊಂದಕ್ಕೂ ಹೆಸರು ಬರೆದು ಕಳಿಸಬಹುದಿತ್ತು. ಕಳಿಸುವುದಿಲ್ಲ. ಹೆಸರು ಸಿಕ್ಕ ತಕ್ಷಣ ಪಟ್ಟಿಗೆ ಸೇರಿಸಿ ಮುಂದಿನ ಹಕ್ಕಿಗೆ ಓಡುವವಳು ನೀನು. ಇನ್ನೊಂದು ಕಾರಣವೂ ಇದೆ. ಕೆಸರಿನಲ್ಲಿ ಮೇಯುವ ಈ ಗೊರವ ಹಕ್ಕಿಗಳನ್ನು ಗುರುತಿಸಲು ಏನು ಬೇಕೋ ಅದೇ ಫೋಟೋದಲ್ಲಿ ಇರುವುದಿಲ್ಲ. ಫೋಟೋದಲ್ಲಿ ಬಾಲ ಕುಣಿಯುವುದಿಲ್ಲ, ಹಕ್ಕಿ ಕೂಗುವುದಿಲ್ಲ, ಎದ್ದು ಯಾವ ಕಡೆ ಹೋಯಿತು ಅಂತ ತಿಳಿಯುವುದಿಲ್ಲ.

ಎಲ್ಲರೂ ಮೊದಲು ನೋಡುವುದು ಬಣ್ಣ. ಮಿಂಚುಳ್ಳಿಗೆ, ಮರಕುಟಿಗಕ್ಕೆ ಅದು ಸರಿ. ಗೊರವಕ್ಕೆ ನಡೆಯುವುದಿಲ್ಲ. ಇವು ಚೆಂದದ ಗರಿ ತೊಡುವುದು ಮರಿ ಮಾಡುವ ಕಾಲದಲ್ಲಿ. ಆಗ ಹೆಚ್ಚಿನವು ಸೈಬೀರಿಯಾದಂಥ ದೂರದ ಉತ್ತರದಲ್ಲಿ ಇರುತ್ತವೆ. ನಮ್ಮಲ್ಲಿ ಚಳಿಗಾಲ ಕಳೆಯುವಾಗ ಕಂದು, ಬೂದು, ಅಷ್ಟೇ. ಹೋಗಲಿ, ಕಾಲಿನ ಬಣ್ಣವನ್ನಾದರೂ ನಂಬೋಣ ಅಂದರೆ ನಮ್ಮ ಕೆಸರು ಬಿಡಬೇಕಲ್ಲ! ಹಳದಿಗಾಲಿನ ಟೆಮ್ಮಿಂಕ್ ಸ್ಟಿಂಟ್ ಅನ್ನುವ ಪುಟ್ಟ ಗೊರವ ಕಪ್ಪು ಕೆಸರಿನಿಂದ ಎದ್ದು ಬಂದರೆ ಕರಿಗಾಲಿನ ಲಿಟಲ್ ಸ್ಟಿಂಟ್ ಆಗಿಬಿಡುತ್ತದೆ. ಕೆಂಪುಗಾಲಿನ ರೆಡ್‌ಶ್ಯಾಂಕ್ ಸಿಕ್ಕಿತು ಅಂತ ನೀನು ಕುಣಿದಾಡಿದ ಹಕ್ಕಿಯ ಫೋಟೋವನ್ನು ದೊಡ್ಡದು ಮಾಡಿ ನೋಡು. ಕಾಲಿನ ಗಂಟಿನ ತನಕ ಮಾತ್ರ ಕೆಂಪು, ಮೇಲಕ್ಕೆ ಹಸಿರು ಮಿಶ್ರಿತ ಹಳದಿ. ಅದು ನಮ್ಮ ಕೆಂಪು ಮಣ್ಣು ಮಾರಾಯ್ತಿ. ನಿಜವಾದ ರೆಡ್‌ಶ್ಯಾಂಕ್‌ಗೆ ಕೊಕ್ಕಿನ ಬುಡವೂ ಕೆಂಪಗಿರುತ್ತದೆ. ಹಾರಿದಾಗ ರೆಕ್ಕೆಯ ಹಿಂದಿನ ಅಂಚಿನಲ್ಲಿ ಅಗಲವಾದ ಬಿಳಿ ಪಟ್ಟೆ ಎದ್ದು ಕಾಣುತ್ತದೆ.

ಹಾಗಾಗಿ ಮೊದಲು ಅದು ಹೇಗೆ ಮೇಯುತ್ತದೆ ನೋಡು. ನಾಲ್ಕು ಹೆಜ್ಜೆ ಓಡಿ, ಗಕ್ಕನೆ ನಿಂತು, ಬಗ್ಗಿ ಒಂದು ಸಲ ಕುಕ್ಕಿ, ಮತ್ತೆ ಓಡಿದರೆ ಅದು ಪ್ಲೋವರ್ ಜಾತಿ. ಕಣ್ಣಿನಿಂದ ಹುಡುಕುವ ಹಕ್ಕಿ, ಅದಕ್ಕೇ ಕಣ್ಣು ದೊಡ್ಡದು, ಕೊಕ್ಕು ಗಿಡ್ಡ. ಮನೆ ಹಿಂದಿನ ಟಿಟ್ಟಿಭ ಇದೇ ಬಳಗದ್ದು, ಅದನ್ನು ಒಂದು ಬೆಳಿಗ್ಗೆ ನೋಡಿದರೆ ಈ ನಡಿಗೆ ಮರೆಯುವುದಿಲ್ಲ. ಸ್ಟಿಂಟ್, ಉದ್ದ ಕೊಕ್ಕಿನ ಸ್ನೈಪ್‌ಗಳ ದಾರಿ ಬೇರೆ. ತಲೆ ತಗ್ಗಿಸಿ ಕುಕ್ಕುತ್ತಾ, ಕೆಸರು ಚುಚ್ಚುತ್ತಾ ಸಾಗುತ್ತವೆ. ಸ್ನೈಪ್‌ನ ಕೊಕ್ಕಿನ ತುದಿಗೆ ಸ್ಪರ್ಶ ಚುರುಕು, ಕಾಣದ ಹುಳವನ್ನೂ ಮುಟ್ಟಿಯೇ ಪತ್ತೆ ಮಾಡುತ್ತದೆ.

ಕರಾವಳಿಯವರಿಗೆ ಅಳಿವೆಯಲ್ಲಿ ಒಂದೇ ನೋಟಕ್ಕೆ ಹತ್ತಾರು ಜಾತಿ ಸಿಗಬಹುದು. ನಮ್ಮ ಹೊಳೆ, ಹಳ್ಳ, ಗದ್ದೆಗಳಲ್ಲಿ ಜಾಸ್ತಿ ಸಿಗುವುದು ಮೂರು ಕಂದು ಹಕ್ಕಿ. ಕಾಮನ್, ಗ್ರೀನ್, ವುಡ್ ಸ್ಯಾಂಡ್‌ಪೈಪರ್. ಈ ಮೂರು ಕಣ್ಣಿಗೆ ಕೂತರೆ ನಾಲ್ಕನೆಯದು ಬಂದಾಗ ತಾನಾಗಿ ಬೇರೆ ಅನ್ನಿಸುತ್ತದೆ. ಮೂರೂ ಹೆಚ್ಚುಕಡಿಮೆ ಒಂದೇ ಗಾತ್ರ, ಇಪ್ಪತ್ತು ಸೆಂಟಿಮೀಟರ್ ಆಸುಪಾಸು. ಗಾತ್ರದಿಂದ ಬಿಡಿಸಲು ಹೋಗಬೇಡ.

ಕಾಮನ್ ಸ್ಯಾಂಡ್‌ಪೈಪರ್ ಹೊಳೆಯ ಬಂಡೆಯ ಮೇಲೆ ಒಂಟಿಯಾಗಿ ಸಿಗುತ್ತದೆ. ಹಿಂಭಾಗ ಒಂದೇ ಸಮನೆ ಮೇಲೆ ಕೆಳಗೆ ಆಡುತ್ತಿರುತ್ತದೆ. ಉಳಿದೆರಡೂ ಆಡಿಸುತ್ತವೆ, ಆದರೆ ಇಷ್ಟು ಬಿಡುವಿಲ್ಲದೆ ಅಲ್ಲ. ಹೊಟ್ಟೆಯ ಬಿಳಿ ಬಣ್ಣ ರೆಕ್ಕೆಯ ಮುಂದಿನಿಂದ ಭುಜದ ಕಡೆಗೆ ಒಂದು ಕೊಂಡಿಯಂತೆ ಏರಿರುತ್ತದೆ. ಅದನ್ನು ಒಮ್ಮೆ ನೋಡಿಟ್ಟುಕೋ, ಕುಳಿತ ಹಕ್ಕಿಗೆ ಮತ್ತೇನೂ ಬೇಡ. ಎಬ್ಬಿಸಿದರೆ ನೀರಿಗೆ ತಾಗುವ ಹಾಗೆ ತಗ್ಗಿನಲ್ಲೇ ಹಾರುತ್ತದೆ. ರೆಕ್ಕೆ ಬಾಗಿಸಿ, ಪಟಪಟ ಬಡಿದು, ನಡುವೆ ಗಟ್ಟಿಯಾಗಿ ಹಿಡಿದು ತೇಲಿ, ಅಲ್ಲೇ ಹೊಳೆಯ ತಿರುವಿನಲ್ಲಿ ಇಳಿಯುತ್ತದೆ.

ಗ್ರೀನ್ ಹಾಗಲ್ಲ. ಅದರದು ನಾಚಿಕೆ ಸ್ವಭಾವ. ಹಳ್ಳದ ಮೂಲೆ, ತೋಟದ ಬದಿಯ ಕಾಲುವೆ, ಸಣ್ಣ ಗುಂಡಿ ಅದರ ಜಾಗ. ನೀನು ಅದನ್ನು ನೋಡುವ ಮೊದಲೇ ಅದು ನಿನ್ನನ್ನು ನೋಡಿರುತ್ತದೆ. ಟ್ಲೂಯಿಟ್-ವಿಟ್-ವಿಟ್ ಅಂತ ಜೋರಾಗಿ ಕೂಗುತ್ತಾ ಎತ್ತರಕ್ಕೆ ಏರಿ ದೂರ ಹೋಗಿಬಿಡುತ್ತದೆ. ಹಾರುವಾಗ ಮೇಲೆಲ್ಲ ಕಪ್ಪು, ಸೊಂಟ, ಅಂದರೆ ಬಾಲದ ಬುಡದ ಮೇಲ್ಭಾಗ, ಮಾತ್ರ ಅಚ್ಚ ಬಿಳಿ. ರೆಕ್ಕೆಯ ಅಡಿಯೂ ಕಪ್ಪು. ಹೆಚ್ಚಿನ ಗೊರವಗಳು ನೆಲದ ಮೇಲೆ ಮೊಟ್ಟೆ ಇಟ್ಟರೆ ಇದು ಉತ್ತರದ ಕಾಡುಗಳಲ್ಲಿ ಮರ ಹತ್ತಿ, ಬೇರೆ ಹಕ್ಕಿ ಬಿಟ್ಟುಹೋದ ಹಳೇ ಗೂಡಿನಲ್ಲಿ ಇಡುತ್ತದೆ. ನನಗಂತೂ ಈ ಮೂರರಲ್ಲಿ ಇದರ ಮೇಲೇ ಪ್ರೀತಿ.

ವುಡ್ ಸ್ಯಾಂಡ್‌ಪೈಪರ್‌ನದೂ ಸೊಂಟ ಬಿಳಿ. ಎಲ್ಲರೂ ಎಡವುವುದು ಇಲ್ಲೇ. ರೆಕ್ಕೆ ಎತ್ತಿದಾಗ ಅಡಿ ನೋಡು, ಮಬ್ಬು ಬಿಳುಪು ಇದ್ದರೆ ವುಡ್. ನಿಂತಿದ್ದರೆ ಹುಬ್ಬು ನೋಡು. ಗ್ರೀನ್‌ನ ಬಿಳಿ ಹುಬ್ಬು ಕಣ್ಣಿನ ಮುಂದಕ್ಕೇ ಮುಗಿಯುತ್ತದೆ, ವುಡ್‌ನದು ಕಣ್ಣು ದಾಟಿ ಹಿಂದಕ್ಕೆ ಉದ್ದ ಹೋಗುತ್ತದೆ. ಬೆನ್ನಿನ ಮೇಲೆ ಚುಕ್ಕಿ ಜಾಸ್ತಿ, ಕಾಲು ಉದ್ದ. ನೀರು ನಿಂತ ಗದ್ದೆಯಲ್ಲಿ ನಾಲ್ಕಾರು ಒಟ್ಟಿಗೆ ಮೇಯುತ್ತಿದ್ದರೆ ಮೊದಲು ಇದನ್ನೇ ನೆನೆಸಿಕೋ.

ಕಾಲವನ್ನೂ ಗಮನಿಸು. ಆಗಸ್ಟ್‌ನಲ್ಲಿ ಮಘೆ ಮಳೆ ಹೊಡೆಯುತ್ತಿರುವಾಗಲೇ ಮೊದಲ ಗೊರವಗಳು ಬಂದಿರುತ್ತವೆ. ನೀವೆಲ್ಲ ದೀಪಾವಳಿ ಕಳೆದ ಮೇಲೆ ಹಕ್ಕಿ ನೋಡಲು ಹೊರಡುತ್ತೀರಿ! ಶರಾವತಿ ಹಿನ್ನೀರು ಮಾತ್ರ ತಡ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗಿನಿಂದ ಮಳೆಗಾಲದ ನಂತರ ಅಂಚಿನ ತನಕ ನೀರು. ಬೇಸಿಗೆ ಹತ್ತಿರ ಬಂದ ಹಾಗೆ ನೀರು ಇಳಿದು ಹಳೇ ಮರದ ಬೊಡ್ಡೆಗಳ ನಡುವೆ ಬಯಲು ಬೀಳುತ್ತದೆ. ಆಗ ಲಿಟಲ್ ರಿಂಗ್ಡ್ ಪ್ಲೋವರ್ ಹುಡುಕು, ಕಣ್ಣಿನ ಸುತ್ತ ಹಳದಿ ಉಂಗುರ ಇರುತ್ತದೆ. ಭದ್ರಾ ಹಿನ್ನೀರಿನ ನಡುಗಡ್ಡೆಗಳ ಮೇಲೆ ಮಾತ್ರ ಬೇಸಿಗೆಯಲ್ಲಿ ಕಾಲಿಡಬೇಡ. ರಿವರ್ ಟರ್ನ್, ಸ್ಮಾಲ್ ಪ್ರಾಟಿನ್‌ಕೋಲ್‌ಗಳ ಮೊಟ್ಟೆ ಕಲ್ಲಿನ ಬಣ್ಣಕ್ಕೇ ಇರುತ್ತದೆ, ತುಳಿದದ್ದೂ ಗೊತ್ತಾಗುವುದಿಲ್ಲ.

ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ಸುಮ್ನೆ ಕೂರು. ಹಕ್ಕಿಯ ಕಡೆ ನಡೆಯಬೇಡ, ಮೇಯುತ್ತಾ ಅದೇ ಬರುತ್ತದೆ. ಟಿಟ್ಟಿಭ ನಿನ್ನನ್ನು ಕಂಡು ಅರಚಿತೋ, ಕೆರೆಯೆಲ್ಲ ಖಾಲಿ. ಆಗ ಹಿಂದೆ ಓಡಬೇಡ, ಅರ್ಧ ಗಂಟೆ ಕಾಯಿ. ಫೋಟೋಗೆ ಅಂತ ಪದೇ ಪದೇ ಎಬ್ಬಿಸುವ ನಿನ್ನ ಗೆಳೆಯರಿಗೂ ಇದನ್ನು ಹೇಳು. ಸಾವಿರಾರು ಕಿಲೋಮೀಟರ್ ವಾಪಸ್ ಹಾರಲು ಅವು ಇಲ್ಲಿ ತಿಂದು ಕೊಬ್ಬು ಸೇರಿಸಿಕೊಳ್ಳಬೇಕು. ಇನ್ನು ಬೇರೆಯವರ ಗದ್ದೆಗೆ ಇಳಿಯುವಾಗ ಒಂದು ಮಾತು ಕೇಳಿ ಇಳಿ, ಅಂಚು ಮುರಿಯಬೇಡ, ಬೇಲಿ ಬಾಗಿಲಿನ ಉಣಗೋಲು ತೆಗೆದರೆ ಮತ್ತೆ ಹಾಕಿ ಬಾ.

ಎಲ್ಲದಕ್ಕೂ ಹೆಸರು ಸಿಗಲೇಬೇಕು ಅಂತಿಲ್ಲ. ಕಾಲಬುಡದಿಂದ ಛಂಗನೆ ಎದ್ದು ಹೋದ ಸ್ನೈಪ್ ಕಾಮನ್ನೋ ಪಿನ್‌ಟೇಲೋ ಅಂತ ಹೇಳಲು ರೆಕ್ಕೆಯ ಹಿಂದಿನ ಅಂಚು ಕಾಣಬೇಕು. ಸ್ಪಷ್ಟ ಬಿಳಿ ಗೆರೆ ಇದ್ದರೆ ಕಾಮನ್ ಸ್ನೈಪ್. ಅಷ್ಟು ಹೊತ್ತು ಕೊಡುವ ಹಕ್ಕಿ ಅದಲ್ಲ. "ಸ್ನೈಪ್, ಒಂದು" ಅಂತ ಬರೆದುಕೊಂಡು ಮುಂದೆ ಹೋಗು. ಗೊತ್ತಿಲ್ಲದ ಕಡೆ ಹೆಸರು ತುರುಕಿದವರ ಪಟ್ಟಿಯನ್ನು ನಾನು ಓದುವುದೂ ಇಲ್ಲ.

ದಸರಾ ರಜೆಗೆ ಬರುವಾಗ ದೊಡ್ಡ ಲೆನ್ಸ್ ಅಲ್ಲೇ ಬಿಟ್ಟು ಬೈನಾಕ್ಯುಲರ್ ಒಂದೇ ತಾ. ಉದ್ದ ತೋಳಿನ ಅಂಗಿಯೂ ಇರಲಿ. ಇಂಬಳಕ್ಕೆ ಸುಣ್ಣ, ಹೊಗೆಸೊಪ್ಪು ನಾನು ರೆಡಿ ಮಾಡಿ ಇಟ್ಟಿರುತ್ತೇನೆ.

ನಿನ್ನ ಮಾವ