ಕೌಶಲ ಇಲ್ಲ ಅನ್ನುವವರು ಒಮ್ಮೆ ಶಿಡ್ಲಘಟ್ಟಕ್ಕೆ ಬನ್ನಿ

ಸಂಪಾದಕರೇ,

ಬಡ ದೇಶದ ಕೆಲಸಗಾರರಿಗೆ ಕೌಶಲ ಇಲ್ಲ, ಅದಕ್ಕೇ ಕೂಲಿ ಕಡಿಮೆ ಅಂತ ಸುಲಭವಾಗಿ ಹೇಳಿಬಿಡುತ್ತಾರೆ. ಹಾಗೆ ಹೇಳುವವರು ಒಂದು ಬೆಳಗ್ಗೆ ಶಿಡ್ಲಘಟ್ಟಕ್ಕೋ ರಾಮನಗರಕ್ಕೋ ಬಂದು ರೇಷ್ಮೆ ಚರಕದ ಮುಂದೆ ಸುಮ್ನೆ ನಿಂತು ನೋಡಲಿ.

ನಮ್ಮಮ್ಮ ಇಪ್ಪತ್ತು ವರ್ಷ ಬಾಣಲೆ ಮುಂದೆ ಕೂತವರು. ಬಿಸಿನೀರಲ್ಲಿ ತೇಲುವ ಗೂಡುಗಳಿಂದ ಕಣ್ಣಿಗೆ ಕಾಣದಂಥ ಎಳೆ ಹಿಡಿದು, ಹಲವು ಎಳೆ ಸೇರಿಸಿ ಒಂದು ನೂಲು ಮಾಡಬೇಕು, ಒಂದು ಗೂಡು ಮುಗಿಯುತ್ತಾ ಬಂದರೆ ನೂಲು ತೆಳ್ಳಗಾಗುವ ಮೊದಲೇ ಇನ್ನೊಂದರ ಎಳೆ ಎಸೆದು ಅಂಟಿಸಬೇಕು. ಅಳತೆಯೆಲ್ಲ ಕಣ್ಣಲ್ಲೇ. ಬೆರಳು ಎಷ್ಟು ಸವೆದಿದೆ ಅಂದರೆ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಮೆಷಿನ್ನು ತಗೊಳ್ಳುವುದಿಲ್ಲ.

ಈಗ ಚೀನಾದಿಂದ ಬರುವ ಆಟೊಮ್ಯಾಟಿಕ್ ರೀಲಿಂಗ್ ಮೆಷಿನ್, ಅಂದರೆ ಗೂಡಿನಿಂದ ತಾನೇ ನೂಲು ತೆಗೆಯುವ ಮೆಷಿನ್ ನೋಡಿ. ನೂಲು ತೆಳ್ಳಗಾಗಿದ್ದು ಅದಕ್ಕೇ ಗೊತ್ತಾಗುತ್ತದೆ, ಹೊಸ ಗೂಡನ್ನೂ ಅದೇ ಹಾಕಿಕೊಳ್ಳುತ್ತದೆ. ಪಕ್ಕದಲ್ಲಿ ನಿಂತವರಿಗೆ ಅಮ್ಮನ ಕಣ್ಣಳತೆ ಬೇಕಾಗಿಲ್ಲ. ಆದರೂ ನೂಲು ಒಂದೇ ಸಮ ಬರುತ್ತದೆ, ಆ ನೂಲಿಗೆ ಸಿಗುವ ದರವೂ ಜಾಸ್ತಿ. ಅಂದರೆ ನಮಗೆ ಕೊರತೆ ಇರುವುದು ಕೌಶಲದ್ದಲ್ಲ, ಮೆಷಿನ್ನಿನದು.

ಹಾಗಂತ ಮೆಷಿನ್ ತಂದಿಟ್ಟರೆ ಮುಗಿಯಿತಾ? ಅದಕ್ಕೆ ದ್ವಿತಳಿ ಅನ್ನುವ ಜಾತಿಯ ಉದ್ದ ಎಳೆಯ ಗೂಡೇ ಬೇಕು, ನಮ್ಮಲ್ಲಿ ಇವತ್ತಿಗೂ ಜಾಸ್ತಿ ಬೆಳೆಯುವುದು ಎಳೆ ಗಿಡ್ಡವಾದ ಮಿಶ್ರತಳಿ. ಮೆಷಿನ್ ಕೆಟ್ಟರೆ ಇನ್ನೂ ಕಷ್ಟ. ನಮಗೆ ಗೊತ್ತಿರುವ ಒಬ್ಬರ ಮೆಷಿನ್ನು ಒಂದು ಸಣ್ಣ ಪಾರ್ಟು ಸಿಗದೆ ಎರಡು ತಿಂಗಳು ಟಾರ್ಪಾಲು ಹೊದ್ದು ಕೂತಿತ್ತು. ಅವರು ಮತ್ತೆ ಹಳೇ ಬಾಣಲೆಗೇ ಒಲೆ ಹಚ್ಚಿದರು.

ಜಪಾನ್ ಕೂಡ ಒಂದು ಕಾಲಕ್ಕೆ ಬಡ ದೇಶವೇ ಅಲ್ವಾ. 1872ರಲ್ಲಿ ಅಲ್ಲಿನ ಸರ್ಕಾರ ತೊಮಿಯೋಕಾ ಅನ್ನುವ ಊರಲ್ಲಿ ಫ್ರಾನ್ಸಿನ ರೀಲಿಂಗ್ ಮೆಷಿನ್ ಹಾಕಿಸಿತು, ಜೊತೆಗೆ ಕೆಲಸ ಕಲಿಸುವ ಫ್ರೆಂಚ್ ಹೆಂಗಸರನ್ನೂ ಕರೆಸಿತು. ಕಲಿತ ಹುಡುಗಿಯರು ತಮ್ಮ ಊರುಗಳಿಗೆ ಹೋಗಿ ಉಳಿದವರಿಗೆ ಕಲಿಸಿದರು. ಆ ಮೆಷಿನ್ ತುಂಬಾ ದುಬಾರಿ, ಹಾಗಾಗಿ ಜಪಾನಿನದೇ ಸುವಾ ಅನ್ನುವ ಕಡೆಯವರು ಕಬ್ಬಿಣದ ಜಾಗಕ್ಕೆ ಮರ, ಲೋಹದ ಬಾಣಲೆ ಜಾಗಕ್ಕೆ ಪಿಂಗಾಣಿ ಹಾಕಿ ತಮ್ಮ ಕೈಗೆಟುಕುವಂಥದ್ದು ಮಾಡಿಕೊಂಡರು. ನಲವತ್ತು ವರ್ಷದೊಳಗೆ ಜಪಾನ್ ಕಚ್ಚಾ ರೇಷ್ಮೆ ರಫ್ತಿನಲ್ಲಿ ಚೀನಾವನ್ನೇ ಹಿಂದೆ ಹಾಕಿತು.

ನಮ್ಮಲ್ಲಿ ಮೆಷಿನ್‌ಗೆ ಸಬ್ಸಿಡಿ ಕೊಡುತ್ತಾರೆ, ಬೇಡ ಅನ್ನಲ್ಲ. ಜೊತೆಗೆ ಅದರ ರಿಪೇರಿಯನ್ನು ನಮ್ಮ ಊರಿನ ಹುಡುಗರಿಗೇ ಕಲಿಸಿ. ಪಾರ್ಟುಗಳನ್ನು ಇಲ್ಲೇ ಮಾಡಿಸಿ, ವಿಮಾನದ ಪಾರ್ಟು ಮಾಡುವ ಪೀಣ್ಯಕ್ಕೆ ಇದೇನು ದೊಡ್ಡ ಕೆಲಸವಾ? ಗೂಡಿನ ಗುಣ ಹೇಳಿಕೊಡಲು ನಮ್ಮಮ್ಮನಂಥವರನ್ನು ಕರೆಯಿರಿ. ಸಂಬಳ ಮಾತ್ರ ಮೇಷ್ಟ್ರದ್ದೇ ಕೊಡಿ.

– ರೀಲರ್ ಮನೆಯ ಹುಡುಗ, ಶಿಡ್ಲಘಟ್ಟ