ಜಿರ್ಕೋನಿಯಾಗೆ ದುಡ್ಡು ತಗೊಂಡು ಮೆಟಲ್ ಕ್ಯಾಪ್ ಹಾಕಿರೋದರ ಬಗ್ಗೆ ದೂರು

ಮ್ಯಾನೇಜರ್ ಮತ್ತು ಮುಖ್ಯ ದಂತವೈದ್ಯರಿಗೆ,
ಬೆಂಗಳೂರು ಶಾಖೆ

ನಮಸ್ಕಾರ,

ನಮ್ಮಮ್ಮನ ಕೆಳಗಿನ ಬಲಗಡೆ ದವಡೆ ಹಲ್ಲಿಗೆ ರೂಟ್ ಕೆನಾಲ್ ಆದ್ಮೇಲೆ ನಿಮ್ಮಲ್ಲೇ ಕ್ಯಾಪ್ ಹಾಕಿಸಿದ್ವಿ, ಬಿದ್ದು ಮುರಿದಿದ್ದ ಮೇಲಿನ ಮುಂದಿನ ಹಲ್ಲಿಗೂ ಅದರ ಜೊತೆಗೇ ಇನ್ನೊಂದು. ದವಡೆಗೆ ಮೊನೊಲಿಥಿಕ್ ಜಿರ್ಕೋನಿಯಾ (ಲೋಹ ಇಲ್ಲದ ಗಟ್ಟಿ ಬಿಳಿ ಸೆರಾಮಿಕ್), ಮುಂದಿನದಕ್ಕೆ ಇ-ಮ್ಯಾಕ್ಸ್ (ಗಾಜಿನಂಥ ಸೆರಾಮಿಕ್) ಅಂತ ಎಸ್ಟಿಮೇಟ್‌ನಲ್ಲಿ ನಿಮ್ಮ ಡಾಕ್ಟರೇ ಕೈಯಾರೆ ಬರೆದು ಸೀಲ್ ಹಾಕಿ ಕೊಟ್ಟಿದಾರೆ, ಆ ಚೀಟಿ ನಮ್ಮ ಹತ್ರ ಇದೆ, ಫೋಟೋ ಈ ಮೇಲ್ ಜೊತೆ ಹಾಕಿದೀನಿ. ಈಗ ದವಡೆ ಕ್ಯಾಪ್‌ನ ನಾಲಿಗೆ ಕಡೆ ಮೂಲೇಲಿ ಚಕ್ಕೆ ಎದ್ದು ಹೋಗಿದೆ. ಮೊಬೈಲ್ ಟಾರ್ಚ್ ಬಿಟ್ಟು ನೋಡಿದ್ರೆ ಬಿಳಿ ಪದರದ ಕೆಳಗೆ ಬೂದು ಬಣ್ಣದ ಲೋಹ ಮಿಂಚ್ತಾ ಇದೆ, ಒಸಡಿನ ಅಂಚಲ್ಲೂ ಕಪ್ಪು ಗೆರೆ ಕಾಣ್ತಿದೆ.

ಫೋನ್ ಮಾಡಿದಾಗ ನಿಮ್ಮ ರಿಸೆಪ್ಷನ್‌ನವರು "ಜಿರ್ಕೋನಿಯಾನೂ ಚಕ್ಕೆ ಏಳತ್ತೆ, ಅಮ್ಮ ಏನೋ ಗಟ್ಟಿ ತಿಂದಿರ್ಬೇಕು" ಅಂದ್ರು. ಮೇಲೆ ಪೋರ್ಸಲಿನ್ (ಪಿಂಗಾಣಿ) ಲೇಯರ್ ಕೊಟ್ಟಿರೋ ಜಿರ್ಕೋನಿಯಾ ಆದ್ರೆ ಚಕ್ಕೆ ಏಳಬಹುದು, ಒಪ್ಕೋತೀನಿ, ಆದ್ರೆ ಅದರ ಒಳಗೂ ಬಿಳೀನೇ ಇರತ್ತೆ, ಲೋಹ ಎಲ್ಲಿಂದ ಬರತ್ತೆ? ಮೊನೊಲಿಥಿಕ್ ಅಂದ್ರೆ ಇಡೀ ಕ್ಯಾಪ್ ಒಂದೇ ತುಂಡು, ಎದ್ದು ಬರೋಕೆ ಮೇಲೊಂದು ಪದರಾನೇ ಇರಲ್ಲ. ನಮ್ಮೂರ ಹತ್ರ ಇನ್ನೊಬ್ಬ ಡೆಂಟಿಸ್ಟ್‌ಗೆ ತೋರಿಸಿದ್ವಿ, ಎಕ್ಸ್‌ರೇಲಿ ಲೋಹನೂ ಜಿರ್ಕೋನಿಯಾನೂ ಎರಡೂ ಬೆಳ್ಳಗೇ ಕಾಣತ್ತೆ ಅದ್ರಿಂದ ಗೊತ್ತಾಗಲ್ಲ, ಆದ್ರೆ ಒಡೆದಿರೋ ಜಾಗ ನೋಡಿದ್ರೆ ಇದು ಪಿಎಫ್‌ಎಂ, ಅಂದ್ರೆ ಲೋಹದ ಮೇಲೆ ಪೋರ್ಸಲಿನ್ ಕೂರಿಸಿರೋದು ಅಂತ ಬರೆದೇ ಕೊಟ್ರು.

ಗಟ್ಟಿ ತಿಂತಾರೆ ಅನ್ನೋ ಕಾರಣಕ್ಕೇ ಅಲ್ವಾ ನಾವು ಜಿರ್ಕೋನಿಯಾ ಕೇಳಿದ್ದು! ಅಮ್ಮ ಬಾಗಲಕೋಟೆ ಕಡೆಯವರು, ಜೋಳದ ರೊಟ್ಟಿ, ಹುರಿಗಡಲೆ, ಚಕ್ಕುಲಿ ಬಿಟ್ಟು ಇರೋರಲ್ಲ, ಇದನ್ನ ಮೊದಲ ದಿನಾನೇ ಹೇಳಿದ್ವಿ. ದವಡೇಲಿ ಹಾಕೋ ಗಟ್ಟಿ ಜಿರ್ಕೋನಿಯಾ ಮುರಿಯೋ ಮುಂಚೆ ಸುಮಾರು 1000 ಮೆಗಾಪಾಸ್ಕಲ್ (ಒತ್ತಡದ ಅಳತೆ) ತಡೆಯತ್ತೆ, ಲೋಹದ ಮೇಲೆ ಹಚ್ಚೋ ಪೋರ್ಸಲಿನ್ ಪದರ 100 ಹತ್ರ ಬಂದ್ರೆ ಹೆಚ್ಚು, ಈ ವ್ಯತ್ಯಾಸಾನ ನಿಮ್ಮ ಡಾಕ್ಟರೇ ಮಾಡೆಲ್ ಇಟ್ಕೊಂಡು ವಿವರಿಸಿದ್ರು. ಪಿಎಫ್‌ಎಂ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಎಷ್ಟೋ ಜನರ ಬಾಯಲ್ಲಿ ವರ್ಷಗಟ್ಟಲೆ ಚೆನ್ನಾಗೇ ಇದೆ, ರೇಟೂ ಕಮ್ಮಿ. ಅದನ್ನೇ ಹಾಕ್ತೀವಿ ಅಂತ ಹೇಳಿ ಅದರ ರೇಟೇ ತಗೊಂಡಿದ್ರೆ ಈ ಪತ್ರ ಬರೀತಾನೇ ಇರ್ಲಿಲ್ಲ.

ನನಗೆ ನಿಜವಾಗ್ಲೂ ಸಿಟ್ಟು ಬಂದಿರೋದು ದುಡ್ಡಿನ ವಿಷಯಕ್ಕಲ್ಲ. ಅಮ್ಮನಿಗೆ ನಿಕ್ಕಲ್ ಅಲರ್ಜಿ ಇದೆ, ಆರ್ಟಿಫಿಶಿಯಲ್ ಓಲೆ ಹಾಕಿದ್ರೆ ಕಿವಿ ಕೆಂಪಗಾಗಿ ನೀರಿಳಿಯತ್ತೆ. ಇದನ್ನ ನಿಮ್ಮ ಫಾರ್ಮ್‌ನಲ್ಲಿ ಅಲರ್ಜಿ ಅನ್ನೋ ಕಾಲಂನಲ್ಲಿ ಬರೆದಿದೀವಿ, ಡಾಕ್ಟರ್ ಓದಿ "ಹಾಗಾದ್ರೆ ಮೆಟಲ್ ಬೇಡವೇ ಬೇಡ" ಅಂತಾನೂ ಅಂದಿದ್ರು. ಪಿಎಫ್‌ಎಂಗೆ ಸಾಮಾನ್ಯವಾಗಿ ಬಳಸೋದು ನಿಕ್ಕಲ್-ಕ್ರೋಮಿಯಂ, ಇಲ್ಲಾಂದ್ರೆ ಕೋಬಾಲ್ಟ್-ಕ್ರೋಮಿಯಂ. ಅಮ್ಮನ ಬಾಯಲ್ಲಿರೋದು ಯಾವುದು? ಆ ಹಲ್ಲಿನ ಸುತ್ತ ಒಸಡು ಕೆಂಪಗೆ ಊದಿಕೊಂಡೇ ಇದೆ, ಬ್ರಶ್ ತಾಗಿದ್ರೆ ರಕ್ತ ಬರತ್ತೆ. ಅದು ಅಲರ್ಜಿಯಿಂದಾನೋ ಅಂಚು ಸರಿಯಾಗಿ ಕೂರದೆ ಇರೋದ್ರಿಂದಾನೋ ನೋಡಿ ಹೇಳೋ ಜವಾಬ್ದಾರಿ ನಿಮ್ಮದು, ಫೋನ್‌ನಲ್ಲೇ "ಉಪ್ಪುನೀರು ಮುಕ್ಕಳಿಸಿ" ಅಂದು ಇಡೋದಲ್ಲ.

ಮುಂದಿನ ಹಲ್ಲಿನ ಕಥೆ ಬೇರೆ. ಇ-ಮ್ಯಾಕ್ಸ್ ಆರಿಸಿದ್ದೇ ಅದರೊಳಗೆ ಬೆಳಕು ಇಳಿದು ಅಸಲಿ ಹಲ್ಲಿನ ಥರಾನೇ ಕಾಣತ್ತೆ ಅಂತ. ಈಗಿರೋದು ಪಕ್ಕದ ಹಲ್ಲಿನ ಪಕ್ಕ ಸೀಮೆಸುಣ್ಣದ ತುಂಡು ಇಟ್ಟ ಹಾಗಿದೆ, ಅಮ್ಮ ನಗುವಾಗ ಸೆರಗು ಅಡ್ಡ ಹಿಡೀತಾರೆ. ಯಾಕೆ ಹೀಗಾಯ್ತು ಅಂತ ನಂಗೆ ಅನ್ಸೋದು ಹೇಳ್ತೀನಿ. ಶೇಡ್, ಅಂದ್ರೆ ಹಲ್ಲಿನ ಬಣ್ಣ, ನೋಡ್ಬೇಕಾಗಿರೋದು ಕೆಲಸ ಶುರು ಮಾಡೋಕೂ ಮುಂಚೆ, ಹಗಲು ಬೆಳಕಲ್ಲಿ. ಬಾಯಿ ತೆರೆದಿಟ್ಟು ಹಲ್ಲು ಒಣಗಿದ್ರೆ ಅದು ಇರೋದಕ್ಕಿಂತ ಬೆಳ್ಳಗೆ ಕಾಣತ್ತೆ. ನಿಮ್ಮಲ್ಲಿ ಹಲ್ಲು ಕೊರೆದು ಅಳತೆ ತಗೊಂಡು ಎಲ್ಲಾ ಮುಗಿದ ಮೇಲೆ, ಚೇರ್ ಮೇಲಿನ ಲೈಟ್ ಹಾಕ್ಕೊಂಡೇ ಶೇಡ್ ಗೈಡ್ (ಬಣ್ಣ ಹೋಲಿಸೋ ಮಾದರಿ ಹಲ್ಲುಗಳು) ಹಿಡಿದು ಎ1, ಅಂದ್ರೆ ತುಂಬಾ ಬೆಳ್ಳಗಿನ ಶೇಡ್, ಅಂತ ಬರ್ಕೊಂಡ್ರು, ನಾನು ಪಕ್ಕದಲ್ಲೇ ನಿಂತಿದ್ದೆ. 16 ಶೇಡ್ ಇರೋ ಗೈಡ್‌ನಲ್ಲಿ ಅರವತ್ತು ದಾಟಿದವರ ಹಲ್ಲಿಗೆ ಎ1 ಹೊಂದತ್ತಾ ಅಂತ ಕೇಳಿದೆ, "ಲ್ಯಾಬ್‌ನವರು ಅಡ್ಜಸ್ಟ್ ಮಾಡ್ತಾರೆ" ಅಂದ್ರು. ಅಂಟಿಸೋಕೆ ಮುಂಚೆ ಅಮ್ಮನ ಕೈಗೆ ಕನ್ನಡಿ ಕೂಡ ಕೊಡಲಿಲ್ಲ.

ನಮಗೆ ಬೇಕಾಗಿರೋದು ಇಷ್ಟು. ಎರಡೂ ಕ್ಯಾಪ್‌ನ ಲ್ಯಾಬ್ ಸ್ಲಿಪ್ ಕೊಡಿ, ಯಾವ ಮೆಟೀರಿಯಲ್, ಲೋಹ ಆದ್ರೆ ಅದರಲ್ಲಿ ಏನೇನಿದೆ ಅಂತ ಬರಹದಲ್ಲಿ ಬೇಕು. ಜಿರ್ಕೋನಿಯಾ ಜೊತೆ ಬರೋ ವಾರಂಟಿ ಕಾರ್ಡ್ ಎರಡು ಸಲ ಕೇಳಿದ್ರೂ "ಬರತ್ತೆ" ಅಂದಿದ್ದು ಬಿಟ್ರೆ ಬಂದಿಲ್ಲ, ಯಾಕೆ ಬಂದಿಲ್ಲ ಅಂತ ಈಗ ಅರ್ಥ ಆಗ್ತಿದೆ. ದವಡೆ ಕ್ಯಾಪ್ ತೆಗೆದು ಎಸ್ಟಿಮೇಟ್‌ನಲ್ಲಿ ಬರೆದಿರೋದನ್ನೇ ನಮ್ಮಿಂದ ಒಂದು ರೂಪಾಯಿನೂ ತಗೊಳ್ದೆ ಹಾಕಿ, ಮುಂದಿನ ಹಲ್ಲಿಗೆ ಹೊಸದಾಗಿ ಶೇಡ್ ನೋಡಿ ಮತ್ತೆ ಮಾಡಿಸಿ, ಈ ಸಲ ಅಂಟಿಸೋ ಮುಂಚೆ ಅಮ್ಮ ಕಿಟಕಿ ಹತ್ರ ನಿಂತು ನೋಡಿ ಒಪ್ಪಬೇಕು. ಅದಾಗಲ್ಲ ಅಂದ್ರೆ ಎರಡೂ ಕ್ಯಾಪ್‌ಗೆ ಕೊಟ್ಟ ಪೂರ್ತಿ ಹಣ ವಾಪಸ್ ಕೊಡಿ, ಬೇರೆ ಕಡೆ ಮಾಡಿಸ್ತೀವಿ. ಜಿರ್ಕೋನಿಯಾಗೆ ಕೊರೆಯೋದಕ್ಕಿಂತ ಪಿಎಫ್‌ಎಂಗೆ ಹಲ್ಲು ಜಾಸ್ತಿ ಕೊರೀಬೇಕು, ಆ ಹೋದ ಹಲ್ಲಂತೂ ವಾಪಸ್ ಬರಲ್ಲ.

ದುಡ್ಡು ಕೊಟ್ಟು ಪಡೆಯೋ ಚಿಕಿತ್ಸೆ ಗ್ರಾಹಕ ಕಾನೂನಿನ ಒಳಗೇ ಬರತ್ತೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಹದಿನೈದು ದಿನದೊಳಗೆ ಬರಹದಲ್ಲಿ ಉತ್ತರ ಬರ್ಲಿಲ್ಲ ಅಂದ್ರೆ 1915 ಹೆಲ್ಪ್‌ಲೈನ್‌ಗೆ ದೂರು ಕೊಟ್ಟು ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗ್ತೀವಿ. ಎಸ್ಟಿಮೇಟ್, ಬಿಲ್, ಒಡೆದ ಜಾಗದ ಫೋಟೋ, ಇನ್ನೊಬ್ಬ ಡೆಂಟಿಸ್ಟ್ ಬರೆದುಕೊಟ್ಟಿದ್ದು ಎಲ್ಲಾ ಲಗತ್ತಿಸಿದೀನಿ. ಅಮ್ಮ ಸದ್ಯಕ್ಕೆ ಎಡಗಡೆಯಿಂದಷ್ಟೇ ಅಗೀತಿದಾರೆ, ಹಾಗಾಗಿ ಒಸಡು ತೋರಿಸೋಕೆ ಅಪಾಯಿಂಟ್‌ಮೆಂಟ್ ಮಾತ್ರ ಈ ವಾರದಲ್ಲೇ ಕೊಡಿ, ಸೀನಿಯರ್ ಡಾಕ್ಟರೇ ನೋಡ್ಬೇಕು.

ಇಂತಿ,
ಪೇಷಂಟ್‌ನ ಮಗಳು