ಎಣ್ಣೆ ಮನೆಯದು, ರೇಟು ಮಂಡಿಯದು

ಪ್ರೀತಿಯ ಗೆಳೆಯಾ,

ಹೋದ ಭಾನುವಾರ ಫೋನಿನಲ್ಲಿ ನೀನು ಕೇಳಿದೆ. "ಪ್ರಪಂಚದಲ್ಲೇ ಜಾಸ್ತಿ ಎಣ್ಣೆ ತೆಗೆಯೋ ದೇಶ ಅಮೆರಿಕ, ಅಲ್ಲೇ ಕೂತಿದ್ದೀಯ. ಆದ್ರೂ ಪೆಟ್ರೋಲ್ ರೇಟ್ ಏರಿದಾಗೆಲ್ಲ ಯಾಕೋ ಅಷ್ಟು ಬಾಯಿ ಬಡ್ಕೊಳ್ತೀರ?" ಮಕ್ಕಳು ಗಲಾಟೆ ಮಾಡ್ತಿದ್ದಾರೆ ಅಂತ ಹೇಳಿ ನಾನು ಫೋನಿಟ್ಟೆ. ಮಕ್ಕಳು ಮಲಗಿದ್ದರು ಕಣೋ. ಉತ್ತರ ಉದ್ದ ಇತ್ತು, ಅದಕ್ಕೆ ಈ ಪತ್ರ.

ಮೊದಲು ಇಲ್ಲಿನ ಬಂಕ್ ಹೇಗಿರುತ್ತದೆ ಹೇಳ್ತೀನಿ. ಪೆಟ್ರೋಲಿಗೆ ಇಲ್ಲಿ ಗ್ಯಾಸ್ ಅನ್ನುತ್ತಾರೆ. ಬಂದ ಹೊಸದರಲ್ಲಿ ಅಮ್ಮನಿಗೆ "ಗ್ಯಾಸ್ ತುಂಬಿಸ್ಕೊಂಡು ಬಂದೆ" ಅಂದಿದ್ದಕ್ಕೆ, ಸಿಲಿಂಡರನ್ನ ಕಾರಲ್ಲಿಟ್ಟುಕೊಂಡು ಓಡಾಡಬೇಡ ಅಂತ ಬೈದಿದ್ದಳು. ಬಂಕಿನ ಮುಂದೆ ಮನೆಗಿಂತ ಎತ್ತರದ ಕಂಬ, ಅದರ ಮೇಲೆ ಬೆಲೆಯ ಬೋರ್ಡು. ಹೆದ್ದಾರಿಯಲ್ಲಿ ಹೋಗುವವನಿಗೂ ಕಾಣಬೇಕು. ಅಂಕಿಯ ಪಕ್ಕದಲ್ಲಿ ಚಿಕ್ಕದಾಗಿ ಹತ್ತರಲ್ಲಿ ಒಂಬತ್ತು ಅಂತ ಇರುತ್ತದೆ, ಅಂದರೆ ಒಂದು ಸೆಂಟಿನ ಹತ್ತರಲ್ಲಿ ಒಂಬತ್ತು ಪಾಲು. ನಮ್ಮ ಚಪ್ಪಲಿ ಅಂಗಡಿಯ 99 ರೂಪಾಯಿ 95 ಪೈಸೆಯ ಅಣ್ಣ ಅನ್ಕೋ. ಹಾಲು, ಮೊಟ್ಟೆ, ಮನೆ ಬಾಡಿಗೆ, ಎಲ್ಲ ಏರುತ್ತವೆ. ಆದರೆ ಅವುಗಳ ರೇಟನ್ನು ಯಾರೂ ಹೀಗೆ ಆಕಾಶದಲ್ಲಿ ಬರೆದು ತೋರಿಸುವುದಿಲ್ಲ. ಇಲ್ಲಿನ ರಾಜಕಾರಣಿಗಳು ಈ ಬೋರ್ಡಿಗೆ ಹೆದರುವಷ್ಟು ಪತ್ರಿಕೆಗಳಿಗೂ ಹೆದರುವುದಿಲ್ಲ ಅಂತ ನನಗನ್ನಿಸುತ್ತದೆ.

2022ರ ಜೂನಿನಲ್ಲಿ ಆ ಬೋರ್ಡು ನೋಡಬೇಕಿತ್ತು. ದೇಶದ ಸರಾಸರಿ ಬೆಲೆ ಮೊದಲ ಸಲ ಗ್ಯಾಲನ್ನಿಗೆ 5 ಡಾಲರ್ ದಾಟಿತು. ಒಂದು ಗ್ಯಾಲನ್ ಅಂದರೆ ಮೂರೂಮುಕ್ಕಾಲು ಲೀಟರು. ನನ್ನ ವ್ಯಾನಿಗೆ 18 ಗ್ಯಾಲನ್ ಹಿಡಿಯುತ್ತದೆ. 90 ಡಾಲರ್ ಆಗುವವರೆಗೆ ಪೈಪ್ ಹಿಡಿದುಕೊಂಡು ನಿಂತಿದ್ದೆ. ಕಣ್ಣೆದುರಿಗೇ ಪಂಪಿನ ಮೇಲೆ ಯಾರೋ ಅಂಟಿಸಿದ ಸ್ಟಿಕ್ಕರ್. ಆಗಿನ ಅಧ್ಯಕ್ಷ ಬೈಡನ್ ಬೆಲೆಯ ಕಡೆ ಬೆರಳು ತೋರಿಸುತ್ತಾ "ಇದು ನಾನೇ ಮಾಡಿದ್ದು!" ಅನ್ನುವ ಚಿತ್ರ. ದೇಶದ ತುಂಬಾ ಇದೇ ಸ್ಟಿಕ್ಕರ್ ಇತ್ತು. ನಮ್ಮ ಬಂಕಿನ ಹುಡುಗ ಬ್ಲೇಡು ತಗೊಂಡು ಕೆರೆದಿದ್ದ. ಮುಖ ಹೋಗಿತ್ತು, ಬೆರಳು ಮಾತ್ರ ಹಾಗೇ ಉಳಿದಿತ್ತು.

ಆಗಿನ ಜಗಳ ಹೀಗಿತ್ತು. ಎದುರು ಪಕ್ಷದ ರಿಪಬ್ಲಿಕನ್ನರು ಹೇಳಿದ್ದು: ನಮ್ಮ ಕಾಲದಲ್ಲಿ ದೇಶ ಇಂಧನದಲ್ಲಿ ಸ್ವಾವಲಂಬಿ ಆಗಿತ್ತು, ಬೈಡನ್ ಬಂದು ಕೀಸ್ಟೋನ್ ಎಕ್ಸ್‌ಎಲ್ ಅನ್ನುವ ಹೊಸ ಪೈಪ್‌ಲೈನ್ ನಿಲ್ಲಿಸಿ ಕೆಡಿಸಿದರು. ಬೈಡನ್ ಪಕ್ಷದ ಡೆಮಾಕ್ರಟರು ಹೇಳಿದ್ದು: ಎಣ್ಣೆ ಕಂಪನಿಗಳು ರಷ್ಯಾ-ಉಕ್ರೇನ್ ಯುದ್ಧದ ನೆಪದಲ್ಲಿ ಜನರನ್ನು ಸುಲಿಯುತ್ತಿವೆ. ಕೀಸ್ಟೋನ್ ವಿಷಯ ಸ್ವಲ್ಪ ತಮಾಷೆ. ಆ ಪೈಪ್ ತರಬೇಕಾಗಿದ್ದದ್ದು ಕೆನಡಾದ ಎಣ್ಣೆಯನ್ನು! ಪಕ್ಕದ ಮನೆಯಿಂದ ಸಾಲ ತಂದು ಸ್ವಾವಲಂಬನೆ ಅಂದ ಹಾಗೆ. ಕಂಪನಿಗಳು ಆ ವರ್ಷ ಭರ್ಜರಿ ಲಾಭ ಮಾಡಿದ್ದು ನಿಜ. ಆದರೆ 2020ರ ಏಪ್ರಿಲ್ 20ರಂದು ಇದೇ ದೇಶದ ಪೇಟೆಯಲ್ಲಿ ಒಂದು ಬ್ಯಾರೆಲ್ ಕಚ್ಚಾ ತೈಲದ ವಾಯಿದೆ ಬೆಲೆ (ಮುಂದೆ ಕೊಡುವ ಮಾಲಿಗೆ ಈಗಲೇ ಕಟ್ಟುವ ರೇಟು) ಮೈನಸ್ 37 ಡಾಲರಿಗೆ ಬಿದ್ದಿತ್ತು. ಎಣ್ಣೆ ತಗೊಂಡು ಹೋಗಿ, ಮೇಲೆ ದುಡ್ಡೂ ಕೊಡ್ತೀವಿ ಅನ್ನುವ ಸ್ಥಿತಿ. ಕಂಪನಿಗಳಿಗೆ ದುರಾಸೆ ಹುಟ್ಟಿದ್ದರಿಂದಲೇ ಬೆಲೆ ಏರಿತು ಅನ್ನುವುದಾದರೆ, ಎರಡು ವರ್ಷದ ಹಿಂದೆ ಅವರೇನು ಸನ್ಯಾಸಿಗಳಾಗಿದ್ದರಾ?

ಈ ಸ್ವಾವಲಂಬನೆಯ ಮಾತು ಹಳೆಯದು ಕಣೋ. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ಎಣ್ಣೆ ಕೊಡುವುದಿಲ್ಲ ಅಂದವು. ಬ್ಯಾರೆಲ್ಲಿಗೆ 3 ಡಾಲರ್ ಆಸುಪಾಸು ಇದ್ದದ್ದು ಕೆಲವೇ ತಿಂಗಳಲ್ಲಿ 12ರ ಹತ್ತಿರ ಹೋಯಿತು. ಬಂಕುಗಳ ಮುಂದೆ ಸಾಲು. ನಂಬರ್ ಪ್ಲೇಟಿನ ಕೊನೆಯ ಅಂಕಿ ಸಮವೋ ಬೆಸವೋ ನೋಡಿ, ದಿನ ಬಿಟ್ಟು ದಿನ ಪೆಟ್ರೋಲ್. ನವೆಂಬರಿನಲ್ಲಿ ಆಗಿನ ಅಧ್ಯಕ್ಷ ನಿಕ್ಸನ್ ಟೀವಿಗೆ ಬಂದು 'ಪ್ರಾಜೆಕ್ಟ್ ಇಂಡಿಪೆಂಡೆನ್ಸ್' ಘೋಷಿಸಿದರು. 1980ರ ಹೊತ್ತಿಗೆ ಯಾವ ದೇಶದ ಹಂಗೂ ಇರಬಾರದು ಅಂದರು. 1980 ಬಂತು, ಹೋಯಿತು. 2005ರ ವೇಳೆಗೆ ಬಳಕೆಯ ಶೇ. 60ರಷ್ಟು ಹೊರಗಿನಿಂದ ಬರುತ್ತಿತ್ತು. ಅಮೆರಿಕಕ್ಕೆ ಎಣ್ಣೆಯ ಚಟ ಹತ್ತಿದೆ ಅಂತ 2006ರಲ್ಲಿ ಅಧ್ಯಕ್ಷ ಬುಷ್ ಸಂಸತ್ತಿನಲ್ಲೇ ಹೇಳಿದರು. ಅವರೇ ಟೆಕ್ಸಾಸಿನಲ್ಲಿ ಎಣ್ಣೆ ವ್ಯಾಪಾರ ಮಾಡಿದ್ದವರು!

ಆಮೇಲೆ ಯಾರೂ ಎಣಿಸದ್ದು ನಡೆಯಿತು. ನೆಲದೊಳಗೆ ಅಡ್ಡಡ್ಡ ಕೊರೆದು, ನೀರು ಮರಳನ್ನು ಜೋರಾಗಿ ನುಗ್ಗಿಸಿ ಕಲ್ಲು ಸೀಳುವ ವಿದ್ಯೆ ಕೈಗೆ ಹತ್ತಿತು. ಟೆಕ್ಸಾಸ್, ನಾರ್ತ್ ಡಕೋಟಾ ಕಡೆ ಬಂಡೆಯಿಂದ ಎಣ್ಣೆ ಸುರಿಯತೊಡಗಿತು. 2008ರಲ್ಲಿ ದಿನಕ್ಕೆ 50 ಲಕ್ಷ ಬ್ಯಾರೆಲ್ ಇದ್ದದ್ದು 2019ರಲ್ಲಿ 1 ಕೋಟಿ 20 ಲಕ್ಷ ದಾಟಿತು. 2020ರಲ್ಲಿ ಪೆಟ್ರೋಲು, ಡೀಸೆಲ್ಲು, ಕಚ್ಚಾ ತೈಲ ಎಲ್ಲ ಸೇರಿಸಿ ನೋಡಿದರೆ, ತರಿಸಿಕೊಂಡದ್ದಕ್ಕಿಂತ ಕಳಿಸಿದ್ದೇ ಜಾಸ್ತಿ. 40 ವರ್ಷ ತಡವಾಗಿ ನಿಕ್ಸನ್ ಮಾತು ನಿಜವಾಯಿತು.

ಅದಾಗಿ ಎರಡೇ ವರ್ಷಕ್ಕೆ ಬೋರ್ಡಿನ ಮೇಲೆ 5 ಡಾಲರ್! ನಿನ್ನ ಪ್ರಶ್ನೆ ಇರುವುದೇ ಇಲ್ಲಿ.

ನಿಮ್ಮ ತೋಟದ ಅಡಿಕೆಗೆ ನಿಮ್ಮಪ್ಪ ರೇಟು ಕಟ್ಟುತ್ತಾರಾ? ಮಂಡಿಯಲ್ಲಿ ಟೆಂಡರ್ ಆದ ಮೇಲೆ ತಾನೆ ಗೊತ್ತಾಗೋದು. ಪಕ್ಕದ ಮನೆಯವರು ಬಂದು, ನಮ್ಮೂರಿನ ಅಡಿಕೆ ಅಲ್ವಾ, ಅರ್ಧ ರೇಟಿಗೆ ಕೊಡಿ ಅಂದರೆ? ಬಾಯಿಗೆ ಹಾಕ್ಕೊಳ್ಳೋಕೆ ಒಂದು ಹಿಡಿ ಸುಮ್ನೆ ಕೊಟ್ಟಾರು, ಮೂಟೆ ಕೊಡಲ್ಲ. ಟೆಕ್ಸಾಸಿನ ಬಾವಿಯವನೂ ಹಾಗೇ. ಇಲ್ಲಿ ನೆಲದಡಿಯ ಎಣ್ಣೆ ಬಹುಪಾಲು ಖಾಸಗಿಯವರದು, ಸರ್ಕಾರದ್ದಲ್ಲ. ರಷ್ಯಾ ಉಕ್ರೇನಿನ ಮೇಲೆ ಬಿದ್ದು ಬ್ಯಾರೆಲ್ ಬೆಲೆ 120 ಡಾಲರ್ ಆದರೆ, ಅವನಿಗೂ 120 ಬೇಕು. ರಷ್ಯಾದ ಒಂದು ಹನಿ ನನ್ನ ವ್ಯಾನಿಗೆ ಬೀಳದಿದ್ದರೂ ನಾನು ಕೊಡುವುದು ಆ ಯುದ್ಧದ ರೇಟೇ.

ಹಾಗಾದರೆ ಹೊರಗೆ ಕಳಿಸುವುದನ್ನು ನಿಲ್ಲಿಸಿ ಅನ್ನುತ್ತೀಯ. ಇಲ್ಲೂ ಅದನ್ನೇ ಕೇಳಿದವರಿದ್ದರು. 1975ರಿಂದ 40 ವರ್ಷ ಕಚ್ಚಾ ತೈಲ ರಫ್ತಿಗೆ ಕಾನೂನಿನ ತಡೆಯೂ ಇತ್ತು, 2015ರ ಡಿಸೆಂಬರಿನಲ್ಲಿ ತೆಗೆದರು. ತೊಡಕು ಏನೆಂದರೆ, ಎಣ್ಣೆಯಲ್ಲೂ ಜಾತಿ ಇದೆ. ಬಂಡೆಯಿಂದ ಬರುವುದು ತೆಳು. ಮೆಕ್ಸಿಕೋ ಕೊಲ್ಲಿಯ ದಂಡೆಯ ದೊಡ್ಡ ರಿಫೈನರಿಗಳನ್ನು ಕೋಟ್ಯಂತರ ಡಾಲರ್ ಸುರಿದು ಸಜ್ಜು ಮಾಡಿದ್ದು ವೆನೆಜುವೆಲಾ, ಮೆಕ್ಸಿಕೋ, ಕೆನಡಾದ ಗಟ್ಟಿ, ಗಂಧಕ ಜಾಸ್ತಿ ಇರುವ ಎಣ್ಣೆಗೆ. ಹಾಗಾಗಿ ತೆಳುವನ್ನು ಮಾರಿ ಗಟ್ಟಿಯನ್ನು ಕೊಳ್ಳುತ್ತಾರೆ. 2023ರಲ್ಲೂ ದಿನಕ್ಕೆ 60 ಲಕ್ಷ ಬ್ಯಾರೆಲ್ಲಿಗಿಂತ ಜಾಸ್ತಿ ಕಚ್ಚಾ ತೈಲ ಒಳಗೆ ಬಂತು. ಅರ್ಧಕ್ಕಿಂತ ಹೆಚ್ಚು ಕೆನಡಾದ್ದು.

ಬೈಡನ್ ಪ್ರಯತ್ನಿಸಿದ್ದು ಎರಡು. ಒಂದು ಕೇಂದ್ರದ ತೆರಿಗೆ. ಗ್ಯಾಲನ್ನಿಗೆ 18.4 ಸೆಂಟ್, 1993ರಿಂದ ಅಷ್ಟೇ ಇದೆ. ಮೂರು ತಿಂಗಳು ಬಿಡಿ ಅಂತ ಕೇಳಿದರು, ಸಂಸತ್ತು ಕಿವಿಗೆ ಹಾಕಿಕೊಳ್ಳಲಿಲ್ಲ. ಬಿಟ್ಟಿದ್ದರೂ ನನ್ನ 90 ಡಾಲರಿನಲ್ಲಿ ಮೂರು ಚಿಲ್ಲರೆ ಉಳಿಯುತ್ತಿತ್ತು. ಇನ್ನೊಂದು ಆಪತ್ತಿಗೆ ಅಂತ ಕೂಡಿಟ್ಟ ಎಣ್ಣೆ. ಟೆಕ್ಸಾಸ್, ಲೂಸಿಯಾನಾದಲ್ಲಿ ನೆಲದಡಿಯ ಉಪ್ಪಿನ ಗುಡ್ಡೆಗಳಿವೆ. ನೀರು ಬಿಟ್ಟು ಉಪ್ಪನ್ನು ಕರಗಿಸಿ, ಸುಮಾರು 2,000 ಅಡಿ ಎತ್ತರದ ಪೊಳ್ಳು ಮಾಡಿ, ಅದರೊಳಗೆ ಎಣ್ಣೆ ತುಂಬಿಟ್ಟಿದ್ದಾರೆ. ಅಲ್ಲಿಂದ ಆರು ತಿಂಗಳು ದಿನಕ್ಕೆ 10 ಲಕ್ಷ ಬ್ಯಾರೆಲ್ ಹೊರಗೆ ಬಿಟ್ಟರು. ದೇಶ ದಿನಕ್ಕೆ ಕುಡಿಯುವುದು ಸುಮಾರು 2 ಕೋಟಿ! ಎದುರಾಳಿಗಳು ಇದನ್ನು ಚುನಾವಣೆಯ ಎಣ್ಣೆ ಅಂದರು. ನವೆಂಬರಿನಲ್ಲಿ ಚುನಾವಣೆ ಇತ್ತು, ಅನುಮಾನ ಪೂರ್ತಿ ತಪ್ಪಲ್ಲ.

ನನಗೆ ಕೆಲಸ ಮಾಡಿತು ಅನ್ನಿಸುವುದು ಯಾರೂ ಭಾಷಣದಲ್ಲಿ ಎತ್ತದ ಒಂದು ವಿಷಯ. ರಫ್ತಿಗೆ ತಡೆ ತಂದ ಆ 1975ರ ಕಾನೂನಿನಲ್ಲೇ ಕಾರುಗಳ ಮೈಲೇಜು ಹತ್ತು ವರ್ಷದಲ್ಲಿ ಸುಮಾರು ದುಪ್ಪಟ್ಟಾಗಬೇಕು, ಗ್ಯಾಲನ್ನಿಗೆ 27.5 ಮೈಲಿ ಕೊಡಬೇಕು ಅಂತ ಬರೆದಿತ್ತು. ಕಾರು ಕಂಪನಿಗಳು ಗೊಣಗಿದವು, ಮಾಡಿದವು. ಅಲಾಸ್ಕಾದ ಎಣ್ಣೆಯೂ ಜೊತೆಗೂಡಿತು. 1977ರಲ್ಲಿ ಬಳಕೆಯ ಅರ್ಧದ ಹತ್ತಿರ ಆಮದಾಗುತ್ತಿದ್ದದ್ದು 1985ಕ್ಕೆ ಕಾಲು ಭಾಗದ ಆಸುಪಾಸಿಗೆ ಇಳಿಯಿತು. ಬೆಲೆ ಎಷ್ಟೇ ಇರಲಿ, ಕಮ್ಮಿ ಕುಡಿಯುವ ಗಾಡಿಗೆ ಕಮ್ಮಿ ಬಿಲ್ಲು. ಆಮೇಲೆ ಪಿಕಪ್ಪು, ದೊಡ್ಡ ಗಾಡಿಗಳಿಗೆ ಕೊಟ್ಟಿದ್ದ ರಿಯಾಯಿತಿಯ ಸಂದಿಯಲ್ಲಿ ಎಲ್ಲರೂ ನುಸುಳಿದರು. ನಾನೂ ನುಸುಳಿದೆ ಅಂತ ಒಪ್ಪಿಕೊಳ್ಳಬೇಕು. ಏಳು ಜನ ಕೂರುವ ವ್ಯಾನಿನಲ್ಲಿ ಒಬ್ಬನೇ ಆಫೀಸಿಗೆ ಹೋಗಿ ಬರ್ತೀನಿ. ಮೊನ್ನೆ ಐದು ಸೆಂಟ್ ಕಡಿಮೆ ಅಂತ ನಾಲ್ಕು ಮೈಲಿ ಆಚೆಯ ಬಂಕಿಗೆ ಹೋಗಿದ್ದೆ. ಹೆಂಡತಿ ಕೂತಲ್ಲೇ ಲೆಕ್ಕ ಹಾಕಿ ತೋರಿಸಿದಳು. ಹೋಗಿ ಬರೋ ಖರ್ಚೇ ಜಾಸ್ತಿ.

ಮುಂದಿನ ಸಲ ಫೋನ್ ಮಾಡಿದಾಗ ಬೈದುಕೊಳ್ಳೋಣ. ಈ ಸಲ ಮಂಡಿಯಲ್ಲಿ ರಾಶಿ ಅಡಿಕೆ ಎಷ್ಟಕ್ಕೆ ನಿಂತಿದೆ? ನಿಮ್ಮಪ್ಪ ಮಾರಿದರಾ, ಇನ್ನೂ ಏರುತ್ತೆ ಅಂತ ಇಟ್ಟುಕೊಂಡು ಕೂತಿದ್ದಾರಾ? ಅವರಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಗೆಳೆಯ